ಮೇಡಂ ಬೆಳೆದ ಬಾಳೆ

ಅವರ ಬೆರಳ ತುದಿಗಳು ಯಾವಾಗಲೂ ಕಪ್ಪಗಿರುತ್ತಿದ್ದವು. ಬಾಳೆಯ ಕರೆ. ಸೋಪಿಗೆ ಹೋಗದು, ನಿಂಬೆಹಣ್ಣಿಗೂ ಜಗ್ಗದು. ಯಲಹಂಕದ ನಮ್ಮ ಪ್ರಯೋಗಾಲಯಕ್ಕೆ ದೊಡ್ಡ ಮನುಷ್ಯರು ಬಂದರೆ ಮೇಡಂ ಅವಸರದಲ್ಲೊಂದು ನಮಸ್ಕಾರ ಮಾಡಿ, ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಳ್ಳುತ್ತಿದ್ದರು.

ನಾನು ಅವರ ಕೈಕೆಳಗೆ ಸಹಾಯಕಿ. ಆರ್.ಟಿ. ನಗರದಿಂದ ಬಸ್ಸಿನಲ್ಲಿ ಜಜ್ಜಿಸಿಕೊಂಡು ಬಂದ ಮೊದಲ ದಿನವೇ ಕೇಳಿದೆ: "ಮೇಡಂ, ಲಸಿಕೆ ಅಂದ್ರೆ ಸೂಜಿ ತಾನೇ? ಬಾಳೆಹಣ್ಣಲ್ಲಿ ಹೆಂಗೆ?"

"ವಾಂತಿಭೇದಿ ತರೋ ರೋಗಾಣು ಇದೆಯಲ್ಲ, ಅದರ ಒಂದು ಚೂರು ಗುಣಾನ ಬಾಳೆ ಒಳಗೆ ಸೇರಿಸಿದ್ದೀವಿ ಕಣಮ್ಮ. ಚೂರಿಂದ ರೋಗ ಬರಲ್ಲ. ಹಣ್ಣು ತಿಂದ ಮಗು ಮೈ ಮಾತ್ರ ಅದನ್ನ ಗುರುತಿಟ್ಕೊಳ್ಳುತ್ತೆ. ಸೂಜಿ ಬೇಡ, ಫ್ರಿಜ್ ಬೇಡ." ಆಮೇಲೆ ಮೆಲ್ಲಗೆ, "ನನ್ನ ತಮ್ಮ ಅದರಲ್ಲೇ ಹೋದ. ಇನ್ನೂ ಮಾತು ಕಲೀತಿದ್ದ" ಎಂದರು. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಇಂಥ ಗಿಡಕ್ಕೆ ಕಟ್ಟುನಿಟ್ಟು ಜಾಸ್ತಿ. ಸರ್ಕಾರದ ಒಪ್ಪಿಗೆ ಸಿಗುವವರೆಗೆ ಒಂದೆಲೆಯೂ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸ್ ದಾಟುವಂತಿಲ್ಲ, ಹಣ್ಣನ್ನು ಯಾರೂ ಬಾಯಿಗಿಡುವಂತಿಲ್ಲ. ಪರೀಕ್ಷೆ ಮುಗಿದದ್ದೆಲ್ಲ ಪ್ರೆಷರ್ ಕುಕ್ಕರಿನ ದೊಡ್ಡಣ್ಣನಂಥ ಯಂತ್ರದಲ್ಲಿ ಬೆಂದು ಗುಂಡಿಗೆ ಹೋಗಬೇಕು. ಆ ಕೆಲಸವನ್ನು ಮೇಡಂ ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ. ಮಧ್ಯಾಹ್ನದ ಊಟ ಒಬ್ಬರೇ, ಗಿಡಗಳ ಪಕ್ಕ ಕಲ್ಲಿನ ಮೇಲೆ. ಪುಟ್ಟೇನಹಳ್ಳಿ ಕೆರೆ ಹತ್ತಿರದ ಬಾಡಿಗೆ ಮನೆಯಲ್ಲೂ ಒಬ್ಬರೇ. ಹುಟ್ಟಿದ ಮನೆ ಅಲ್ಲೇ ಹತ್ತಿರದ ಕೋಗಿಲು ಊರಿನಲ್ಲಿತ್ತು. ಹಬ್ಬಕ್ಕೆ ಹೋಗಿ ಸಂಜೆಗೆ ಬಂದುಬಿಡುತ್ತಿದ್ದರು.

ಒಂದು ಆಯುಧಪೂಜೆಯ ಬೆಳಿಗ್ಗೆ ನಮ್ಮ ಗೇಟಿನ ಎರಡೂ ಕಡೆ ಬಾಳೆಕಂದು ಕಟ್ಟಿತ್ತು. ನೀರು ಹಾಯಿಸಲು ಹೊಸದಾಗಿ ಸೇರಿದ್ದ ಮಾಲಿ, ನಮ್ಮಲ್ಲೇ ಇರುವಾಗ ಮಾರ್ಕೆಟ್ಟಿಂದ ಯಾಕೆ ಎಂದು ಪಾಲಿಹೌಸಿನಿಂದಲೇ ಕಡಿದು ತಂದಿದ್ದ! ಇದ್ದ ಮೂರು ಗಿಡಗಳಲ್ಲಿ ಎರಡು. ನನಗೋ ಮೂಗಿನ ತುದಿಯಲ್ಲೇ ಕೋಪ, ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಗಳಗಳ ಅತ್ತ.

"ಬೈಬೇಡಮ್ಮ. ನಾವು ಅವನಿಗೆ ಹೇಳಿಕೊಟ್ಟಿದ್ದೀವಾ?" ಎಂದರು ಮೇಡಂ. ಕೂಡಲೇ ಬಿಚ್ಚಿಸಲು ಹೋದರೆ ಕಚೇರಿಯವರೆಲ್ಲ, ಪೂಜೆಗೆ ಮುಂಚೆ ಬಿಚ್ಚಿದರೆ ಅಪಶಕುನ ಎಂದು ಹಟ ಹಿಡಿದರು. "ಸರಿ, ಬೇಗ ಮುಗಿಸಿ. ಅಲ್ಲಿವರೆಗೂ ನಾನಿಲ್ಲೇ ನಿಂತಿರ್ತೀನಿ" ಎಂದರು. ಒಳಗೆ ಮಂಗಳಾರತಿಯ ಗಂಟೆ, ಹೊರಗೆ ಬಿಸಿಲಲ್ಲಿ ಮೇಡಂ, ಎಲೆಗೆ ಬಾಯಿ ಹಾಕಲು ಬಂದ ಹಸುಗಳನ್ನು "ಹೋಗಮ್ಮ, ಹೋಗು" ಎಂದು ಓಡಿಸುತ್ತ. ಪೂಜೆ ಮುಗಿದು ಕಂದು ಬಿಚ್ಚಿದ ಮೇಲೆ, ಬಿದ್ದ ಎಲೆಯ ಚೂರುಗಳನ್ನೆಲ್ಲ ಅವರೇ ಬಗ್ಗಿ ಆರಿಸಿದರು.

ಉಳಿದ ಒಂದು ಗಿಡ ಗೊನೆ ಬಿಟ್ಟಿತು. ಅದರ ಮೇಲೆಯೇ ಎಲ್ಲ ನಿಂತಿತ್ತು. ಅಳೆದು ನೋಡಿದರೆ, ಒಂದೇ ಚಿಪ್ಪಿನಲ್ಲಿ ಒಂದು ಹಣ್ಣಿನ ತುಂಬ ಲಸಿಕೆ, ಪಕ್ಕದ್ದರಲ್ಲಿ ಏನೂ ಇಲ್ಲ. ಚೆನ್ನಾಗಿರುವುದನ್ನಷ್ಟೇ ವರದಿಗೆ ಬರೆದರೆ ಯೋಜನೆ ಉಳಿಯುತ್ತದೆ ಎಂದು ಮೇಲಿನವರು ಸೂಚಿಸಿದರು.

"ಏನೂ ಇಲ್ಲದ ಹಣ್ಣನ್ನ ಯಾವ ಮಗೂಗೆ ಕೊಡ್ಲಿ ಸಾರ್, ನೀವೇ ಹೇಳಿ" ಎಂದರು ಮೇಡಂ.

ಇದ್ದದ್ದನ್ನು ಇದ್ದಂತೆ ಬರೆದರು. ಯೋಜನೆ ಮುಚ್ಚಿತು. ಹಣ್ಣಾದ ಗೊನೆಯ ಘಮ ಕೋಣೆಯೆಲ್ಲ ತುಂಬಿತ್ತು. ಅವರು ಸ್ವಲ್ಪ ಹೊತ್ತು ಅದರ ಮುಂದೆ ಕೂತಿದ್ದು, ಎದ್ದು, ಯಂತ್ರದೊಳಗಿಟ್ಟು ಮುಚ್ಚಳ ತಿರುಗಿಸಿದರು. ನನ್ನ ಪ್ರಯೋಗ ಕೆಟ್ಟಾಗ ಕೆಟ್ಟಿತು ಎಂದೇ ನಾನು ಇವತ್ತಿಗೂ ಬರೆಯುತ್ತೇನೆ. ಅದು ಅವರಿಂದ ಬಂದದ್ದು.

ಹೋದ ವರ್ಷ ಮೇಡಂ ತೀರಿಕೊಂಡರು. ಕೋಗಿಲಿನ ಮನೆಗೆ ಹೋದಾಗ ಅವರ ಅಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಅಷ್ಟ್ ವರ್ಷ ಬಾಳೆ ಬೆಳುದ್ಲು, ಒಂದ್ ದಿನಾನೂ ಮನೇಗೆ ಒಂದ್ ಅಣ್ಣು ತರ್ಲಿಲ್ಲ ಕಣಮ್ಮ. ಮಕ್ಳು ಕೇಳುದ್ರೆ ಸುಮ್ನೆ ನಗೋಳು. ಇಂಗೂ ಜಿಪುಣಿ ಇರ್ತಾಳಾ ಅಂತ ನಾವೆಲ್ಲ ಆಡ್ಕೊಂಡಿದ್ದೇ ಆಡ್ಕೊಂಡಿದ್ದು."

"ತರೋ ಹಾಗಿರ್ಲಿಲ್ಲ ಅಕ್ಕ. ಅದನ್ನ ಯಾರೂ ತಿನ್ನಬಾರದು ಅಂತ ಕಾನೂನು. ಅವರೂ ತಿಂದಿಲ್ಲ. ಒಂದು ಚೂರೂ ತಿಂದಿಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅಯ್ಯೋ, ಅವ್ಳಿಗೆ ಬಾಳೆಅಣ್ಣು ಅಂದ್ರೆ ಪ್ರಾಣ ಕಣಮ್ಮ" ಎಂದರು.