ಶಾಲಿನ ಕೆಳಗೆ ಒಂದು ಬೆರಳು

ಕೇಳಿದ ದರ ಕೊಟ್ಟು ಬರುವವರನ್ನು ಕಂಡರೆ ನಮ್ಮ ರಾವಸಾಹೇಬ ಮಾವನಿಗೆ ಮೈ ಉರಿಯುತ್ತಿತ್ತು. ಅಥಣಿಯ ಸಂತೆಯಲ್ಲಿ ಕೊತ್ತಂಬರಿ ಸಿವುಡಿಗೂ ಚೌಕಾಶಿ ಮಾಡುವವರು. ಮಿರಜಿನ ಬಟ್ಟೆ ಅಂಗಡಿಯಲ್ಲಿ ‘ಒಂದೇ ದರ’ ಎಂಬ ಬೋರ್ಡಿನ ಕೆಳಗೇ ನಿಂತು ಮಾಲೀಕನ ಬೆವರಿಳಿಸಿ, ಕೊನೆಗೆ ಅವನ ಕೈಯಿಂದಲೇ ಚಹಾ ಕುಡಿದು ಬರುತ್ತಿದ್ದರು. ನಾನು ಅವರ ಹೆಂಡತಿ ಗೌರಾಬಾಯಿಯ ಅಣ್ಣನ ಮಗಳು, ಸೀಮಾ. ಅವರಿಗೆ ಮಕ್ಕಳಿರಲಿಲ್ಲ, ನಾನು ಬೆಳೆದದ್ದು ಅವರ ಮನೆಯಲ್ಲೇ. ಹಾಗಾಗಿ ಮಾವನನ್ನು ಆಡಿಕೊಳ್ಳುವ ಹಕ್ಕು ನನಗಿದೆ. ಬೇರೆಯವರು ಆಡಿಕೊಂಡರೆ ಮಾತ್ರ ನಾನು ಸುಮ್ಮನಿರುವವಳಲ್ಲ.

ಅಥಣಿಯಿಂದ ಸ್ವಲ್ಪ ದೂರದಲ್ಲಿ ಅವರ ದ್ರಾಕ್ಷಿ ತೋಟ. ಸುತ್ತಲಿನ ತೋಟದವರ ಹಣ್ಣನ್ನೂ ಕೂಡಿಸಿ ಹಾಲೆಂಡಿಗೆ ಕಳಿಸುವ ಗುಂಪಿಗೆ ಮಾವನೇ ಮುಂದಾಳು. ಹಣ್ಣು ಹಡಗಿನಲ್ಲಿ ಹೋದರೆ ಅದರ ಹಿಂದೆ ಮಾವ ವಿಮಾನದಲ್ಲಿ ಹೋಗುವರು. ಅಲ್ಲಿ ಪೆಟ್ಟಿಗೆ ತೆರೆಯುವಾಗ ನಾವು ಎದುರಿಗಿಲ್ಲದಿದ್ದರೆ ಮಾಲು ಕೆಟ್ಟಿದೆ ಎಂದು ದರ ಇಳಿಸುತ್ತಾರೆ ಎಂಬುದು ಅವರ ನಂಬಿಕೆ. ಹಂಗಾಮು ಶುರುವಾಗುವ ಮುಂಚೆ ಮಾತುಕತೆಗೆ, ಹಂಗಾಮಿನಲ್ಲಿ ಮಾಲಿನ ಹಿಂದೆ, ಮುಗಿದ ಮೇಲೆ ಲೆಕ್ಕಕ್ಕೆ ಎಂದು ವರ್ಷದಲ್ಲಿ ಎಷ್ಟೋ ಸಲ ಹೋಗಿಬರುತ್ತಿದ್ದರು. ಧೋತರ ಬಿಟ್ಟು ಪ್ಯಾಂಟು ಹಾಕಿದ್ದು ಬಿಟ್ಟರೆ ಅವರಲ್ಲಿ ಮತ್ತೇನೂ ಬದಲಾಗಿರಲಿಲ್ಲ.

ಈ ಓಡಾಟದಲ್ಲೇ ಅವರಿಗೆ ಒಂದು ಹೊಸ ಹುಚ್ಚು ಹತ್ತಿತು. ವಿಮಾನದ ಹಿಂದಿನ ಇಕ್ಕಟ್ಟಿನ ಸೀಟಿಗೆ ಟಿಕೆಟ್ ತೆಗೆದವರು, ಮುಂದಿನ ಅಗಲ ಸೀಟಿಗೆ ಮೇಲೆ ಇಷ್ಟು ಕೊಡುತ್ತೇವೆ ಎಂದು ಫೋನಿನಲ್ಲೇ ಸವಾಲು ಕೂಗಬಹುದು. ಸೀಟು ಖಾಲಿ ಉಳಿದರೆ ಹೆಚ್ಚು ಕೂಗಿದವರಿಗೆ ಸಿಗುತ್ತದೆ. ಬೇರೆಯವರು ಎಷ್ಟು ಕೂಗಿದರೆಂಬುದು ಯಾರಿಗೂ ತಿಳಿಯುವುದಿಲ್ಲ. ಮೊದಲ ಸಲ ಇದನ್ನು ನಾನು ಓದಿ ಹೇಳಿದಾಗ ಮಾವ ಬಾಯಿ ತುಂಬ ನಕ್ಕು, ಇದು ನಮ್ಮಪ್ಪನ ಟವೆಲ್ ವ್ಯಾಪಾರ ಎಂದುಬಿಟ್ಟರು.

ಅವರಪ್ಪ ದನದ ಪೇಟೆಯ ದಲಾಲ. ಎತ್ತಿನ ವ್ಯಾಪಾರವನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಟವೆಲ್ಲಿನಿಂದ ಮುಚ್ಚಿ, ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಮೊದಲು ಹಿಡಿದ ಬೆರಳು ಯಾವತ್ತೂ ಖರೆ ದರವಲ್ಲ, ಅದು ಪೇಟೆಗೆಲ್ಲ ಗೊತ್ತು. ಒಬ್ಬ ತಲೆ ಅಲ್ಲಾಡಿಸುತ್ತಾನೆ, ಇನ್ನೊಬ್ಬ ಮತ್ತೆ ಹಿಡಿಯುತ್ತಾನೆ. ಒಳಗೆ ಕೈ ಬಿಡುವ ತನಕ ವ್ಯಾಪಾರ ಮುರಿದಂತಲ್ಲ. ಮಾವ ಹುಡುಗನಾಗಿದ್ದಾಗಲೇ ಅಪ್ಪನಿಂದ ಇದನ್ನು ಕಲಿತಿದ್ದರು.

ಮದುವೆಯಾದ ಹೊಸದರಲ್ಲಿ ಅತ್ತೆಗೂ ಕಲಿಸಿದರಂತೆ. ತುಂಬಿದ ಮನೆ, ಹಿರಿಯರ ಮುಂದೆ ಗಂಡಹೆಂಡತಿ ಮಾತಾಡುವಂತಿಲ್ಲ. ನೀರಿನ ಚರಿಗೆ ಕೊಡುವಾಗ ಸೆರಗಿನ ಮರೆಯಲ್ಲಿ ಒಂದು ಬೆರಳು ಹಿಡಿದರೆ ತೋಟಕ್ಕೆ ಬಾ ಎಂದು, ಎರಡು ಹಿಡಿದರೆ ಸಿಟ್ಟು ಬಂದಿದೆ ಎಂದು. ಮುಪ್ಪಿನಲ್ಲೂ ಅವರ ಈ ಆಟ ನಿಂತಿರಲಿಲ್ಲ. ಟಿವಿ ಮುಂದೆ ಕೂತಾಗ ಕೌದಿಯೊಳಗೆ ಏನೋ ಅಲುಗಾಡುತ್ತಿತ್ತು, ಅತ್ತೆ ಇದ್ದಕ್ಕಿದ್ದಂತೆ ನಗುತ್ತಿದ್ದಳು, ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ವಿಮಾನದ ಸವಾಲಿನಲ್ಲಿ ಮಾವ ಗೆಲ್ಲುತ್ತಲೇ ಹೋದರು. ಎಲ್ಲಕ್ಕಿಂತ ಕಡಿಮೆ ಎಷ್ಟು ಕೂಗಬಹುದೋ ಅಷ್ಟನ್ನು ಕೂಗಿ ಸುಮ್ಮನಿರುವರು. ಹೊರಡುವ ಮೊದಲು ಕಂಪನಿಯಿಂದ, ನಿಮ್ಮ ಸವಾಲು ಕಡಿಮೆಯಾಯಿತು, ಏರಿಸುತ್ತೀರಾ ಎಂದು ಸಂದೇಶ ಬರುವುದು. “ನೋಡ, ಬೆರಳ ಒತ್ತಾಕತ್ತಾನ” ಎಂದು ಮಾವ ಕಣ್ಣು ಹೊಡೆಯುವರು. ಅಷ್ಟೇ ಅಷ್ಟು ಏರಿಸುವರು. ಸೀಟು ಸಿಗುತ್ತಿತ್ತು. ಅವರು ಹೋಗುತ್ತಿದ್ದ ದಿನಗಳಲ್ಲಿ ಆ ಸೀಟುಗಳು ಖಾಲಿಯೇ ಇರುತ್ತಿದ್ದವೇನೋ. ಮಾವ ಮಾತ್ರ ಅದು ತಮ್ಮ ಬೆರಳಿನ ಗುಣ ಎಂದೇ ತಿಳಿದಿದ್ದರು. ಊರಿಗೆ ಬಂದ ಮೇಲೆ, ಆಕಾಶದಲ್ಲಿ ಕಾಲು ಚಾಚಿ ಮಲಗಿದ ಕಥೆ ಒಂದು ವಾರ ನಡೆಯುತ್ತಿತ್ತು. ಅಲ್ಲಿ ಕೊಟ್ಟ ಕಾಲುಚೀಲ, ಕಣ್ಣಿಗೆ ಕಟ್ಟುವ ಕರಿ ಪಟ್ಟಿ, ಆಟದ ಸಾಮಾನಿನಂಥ ಉಪ್ಪಿನ ಡಬ್ಬಿ ಎಲ್ಲವನ್ನೂ ಅತ್ತೆಗೆ ತಂದುಕೊಡುವರು. ಅತ್ತೆ ಕಾಲುಚೀಲ ಹಾಕಿಕೊಂಡು ಬಳ್ಳಿಯ ಕೆಳಗೆ ಕೆಲಸ ಮಾಡುತ್ತಿದ್ದಳು. ಕರಿ ಪಟ್ಟಿಯಿಂದ ಹಾಲಿನ ಕ್ಯಾನಿನ ಮುಚ್ಚಳ ಬಿಗಿಯುತ್ತಿದ್ದಳು.

ಮಾವ ಇಷ್ಟು ಸಲ ಹೋಗಿಬಂದರೂ ಅತ್ತೆ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಮುಂದಿನ ವರ್ಷ ಎನ್ನುವರು, ಆ ವರ್ಷ ತೋಟದಲ್ಲಿ ಏನೋ ಒಂದು ಬರುವುದು. ಬಳ್ಳಿ ಕತ್ತರಿಸುವುದರಿಂದ ಹಿಡಿದು ಗೊನೆಯಲ್ಲಿ ಹೆಚ್ಚಿನ ಕಾಳು ಬಿಡಿಸುವ ತನಕ ತೋಟ ನಡೆದದ್ದೇ ಅವಳ ಕೈಯಿಂದ. ಅವಳಿಗಿದ್ದದ್ದು ಒಂದೇ ಆಸೆ. “ಒಂದೊಂದ ಕಾಳ ಕೈಲೆ ಬಿಡಿಸೇನಿ. ತಿನ್ನೂ ಮಂದಿ ಮಾರಿ ಒಮ್ಮೆ ನೋಡಬೇಕ ನೋಡ ಸೀಮಾ” ಎನ್ನುತ್ತಿದ್ದಳು.

ಹೋದ ವರ್ಷ ಅತ್ತೆಗೆ ಬೆನ್ನು ನೋವು ಶುರುವಾಯಿತು. ಬಗ್ಗಿ ಕೆಲಸ ಮಾಡಿದ್ದಕ್ಕೆ ಎಂದುಕೊಂಡೆವು. ಎದೆಯಲ್ಲಿ ಹುಟ್ಟಿದ ಗಂಟು ಬೆನ್ನೆಲುಬಿಗೆ ಇಳಿದಿದೆ ಎಂದು ಮಿರಜಿನ ಡಾಕ್ಟರು ಹೇಳುವ ಹೊತ್ತಿಗೆ ಮಾಡುವಂಥದ್ದು ಬಹಳ ಉಳಿದಿರಲಿಲ್ಲ. ಅತ್ತೆ ಅತ್ತದ್ದನ್ನು ನಾನು ನೋಡಲಿಲ್ಲ. ಹಾಲೆಂಡಿಗೆ ಈ ವರ್ಷವೇ ಹೋಗೋಣ ಎಂದಳು, ಅಷ್ಟೇ. ಡಾಕ್ಟರು ಬೇಡ ಎನ್ನಲಿಲ್ಲ. ಮನಸ್ಸಿನಲ್ಲಿದ್ದರೆ ಈಗಲೇ ಕರೆದುಕೊಂಡು ಹೋಗಿ, ಆದರೆ ಕೂರಿಸಬೇಡಿ, ದಾರಿಯುದ್ದಕ್ಕೂ ಮಲಗಿಸಿಕೊಂಡೇ ಹೋಗಿ ಎಂದರು.

ಮಲಗುವ ಸೀಟನ್ನು ಅವತ್ತೇ ಪೂರ್ತಿ ದರ ಕೊಟ್ಟು ತೆಗೆದುಬಿಡಿ ಎಂದು ನಾನು ಕೈ ಮುಗಿದು ಹೇಳಿದೆ. ಮಾವನಿಗೆ ಹಣದ ಕೊರತೆ ಇರಲಿಲ್ಲ, ಜಿಪುಣತನವೂ ಅಲ್ಲ. ಅತ್ತೆಯ ಔಷಧಕ್ಕೆ ಎರಡನೇ ಮಾತು ಆಡಿದವರಲ್ಲ. ಆದರೆ ಇಷ್ಟು ವರ್ಷ ಗೆದ್ದ ಆಟವನ್ನು ಹೆಂಡತಿಯ ಕಣ್ಣೆದುರು ಒಮ್ಮೆ ಗೆದ್ದು ತೋರಿಸಬೇಕೆಂಬ ಹಟ ಅವರಿಗಿತ್ತು. ಅತ್ತೆಯನ್ನು ನೋಡಿಕೊಳ್ಳಲು ಜೊತೆಗೆ ಹೊರಟ ನನಗೂ ಸೇರಿ ಹಿಂದಿನ ಸೀಟುಗಳನ್ನೇ ತೆಗೆದು, ತಮ್ಮಿಬ್ಬರಿಗೆ ಮಾತ್ರ ಎಂದಿನಂತೆ ಎಲ್ಲಕ್ಕಿಂತ ಕಡಿಮೆ ಸವಾಲು ಕೂಗಿದರು.

“ಮಾವ, ಈ ಸಲ ಬ್ಯಾಡ್ರಿ. ಅತ್ತಿಗಿ ಬೆನ್ನ ನೋವೈತಿ” ಎಂದೆ.

“ತಿರುಗಿ ಬರ್ತಾನ ತಡಿ. ಮೊದಲನೇ ಬೆರಳಿಗೆ ಯಾವಾಗ ವ್ಯಾಪಾರ ಆಗೇತಿ?” ಎಂದರು.

ಅವರು ಕಾದರು. ಊಟ ಮಾಡುವಾಗ ಫೋನು ತಟ್ಟೆಯ ಪಕ್ಕದಲ್ಲಿರುತ್ತಿತ್ತು. ಹಬ್ಬದ ರಜೆ ಎದುರಿಗಿತ್ತು, ಆ ವಿಮಾನ ತುಂಬುತ್ತಿದೆ ಎಂಬುದು ನಮಗೆ ತಿಳಿಯಲಿಲ್ಲ. ಏರಿಸುತ್ತೀರಾ ಎಂದು ಈ ಸಲ ಯಾರೂ ಕೇಳಲಿಲ್ಲ. ಮುಂಬೈ ದಾರಿಯಲ್ಲಿ ಚಹಾಕ್ಕೆಂದು ನಿಂತಾಗ, ಸವಾಲು ಮುಗಿಯಿತು, ನಿಮಗೆ ಸೀಟು ಸಿಕ್ಕಿಲ್ಲ ಎಂದು ಒಂದೇ ಸಾಲು ಬಂತು. ಮಾವ ಅದನ್ನು ನನ್ನಿಂದ ಓದಿಸಿದರು. ಇನ್ನೊಮ್ಮೆ ಓದಿಸಿದರು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತ ಹುಡುಗಿಗೆ ಮಾವ ಮರಾಠಿಯಲ್ಲಿ, ಹಿಂದಿಯಲ್ಲಿ, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿಕೊಂಡರು. ನೀವು ಕೇಳಿದಷ್ಟು ಕೊಡುತ್ತೇನೆ ಎಂದರು. ಹುಟ್ಟಿದಾಗಿನಿಂದ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಆಕೆ ಒಳ್ಳೆಯವಳೇ, ಮತ್ತೆ ಮತ್ತೆ ನೋಡಿದಳು. ಮಾರಲು ಒಂದು ಸೀಟೂ ಇರಲಿಲ್ಲ. ಊರಿಗೆ ವಾಪಸ್ ಹೋಗೋಣ, ಮುಂದಿನ ವಾರ ಬರೋಣ ಎಂದು ಮಾವ ಅತ್ತೆಯ ಗಾಲಿಕುರ್ಚಿಯ ಮುಂದೆ ಬಗ್ಗಿ ಕೇಳಿದರು. ಅತ್ತೆ ಒಪ್ಪಲಿಲ್ಲ. ಮುಂದಿನ ವಾರ ಎನ್ನುವುದು ತನ್ನ ಕೈಯಲ್ಲಿಲ್ಲ ಎಂದು ಅವಳಿಗೆ ತಿಳಿದಿತ್ತು. ಕೂತೇ ಬರುತ್ತೇನೆ ಎಂದಳು.

ಒಂಬತ್ತು ತಾಸಿನ ದಾರಿ. ಸೀಟುಗಳ ನಡುವಿನ ಓಣಿಯ ಆ ಕಡೆ ಅವರಿಬ್ಬರು, ಈ ಕಡೆ ನಾನು. ಮುಂದೆ ಪರದೆ, ಅದರಾಚೆ ಕಾಲು ಚಾಚಿ ಮಲಗುವ ಸೀಟುಗಳು. ಮಾವ ಆ ಪರದೆಯ ಕಡೆ ನೋಡುತ್ತಿರಲಿಲ್ಲ. ವಿಮಾನ ಏರಿದ ಮೇಲೆ ಅತ್ತೆಯ ಮಡಿಲಿನ ಮೇಲೆ ಶಾಲು ಹೊದಿಸಿ, ಅದರ ಕೆಳಗೆ ಕೈಯಿಟ್ಟು, ನೋವು ಎಷ್ಟಿದೆ ಎಂದು ಕೇಳಿದರು. ಶಾಲು ಸ್ವಲ್ಪ ಅಲುಗಾಡಿತು. ಮಾವ ಉಸಿರು ಬಿಟ್ಟು ನನ್ನ ಕಡೆ ತಿರುಗಿದರು.

“ಒಂದ ಬೆರಳ ಹಿಡದಾಳ. ಹೆಚ್ಚೇನಿಲ್ಲ” ಎಂದರು. ಎರಡು ದಿನದಿಂದ ಕಣ್ಣು ಮುಚ್ಚದವರು, ಆ ಒಂದು ಬೆರಳಿನ ಸಮಾಧಾನಕ್ಕೆ ಹಾಗೇ ಕೂತಲ್ಲಿ ನಿದ್ದೆ ಹೋದರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿದ್ದಳು. ಅವಳೂ ಮಲಗಿದ್ದಾಳೆ ಎಂದುಕೊಂಡೆ.

ಇಳಿಯುವಾಗ ಅತ್ತೆಗೆ ಕಾಲಿನ ಮೇಲೆ ನಿಲ್ಲಲಾಗಲಿಲ್ಲ. ವಿಮಾನದಿಂದ ನೇರ ಆಸ್ಪತ್ರೆಗೆ ಒಯ್ದರು. ನಮ್ಮ ಹಣ್ಣು ಮಾರುವ ಅಂಗಡಿ ಅಲ್ಲಿಂದ ದೂರವೇನಿರಲಿಲ್ಲ, ಆದರೆ ಅವಳು ಅದನ್ನು ನೋಡುವುದು ಆಗಲಿಲ್ಲ. ಮರುದಿನ ಮಾವನೇ ಹೋಗಿ, ನಮ್ಮ ಗುಂಪಿನ ಹೆಸರಿದ್ದ ದ್ರಾಕ್ಷಿ ಪೆಟ್ಟಿಗೆಯನ್ನು ಅಂಗಡಿಯಿಂದಲೇ ಕೊಂಡು ತಂದು ಹಾಸಿಗೆಯ ಮೇಲಿಟ್ಟರು. ಅತ್ತೆ ಗೊನೆ ಎತ್ತಿ ನೋಡಿ, ಕಾಳು ಚೆನ್ನಾಗಿ ಬಿಡಿಸಿದ್ದಾರೆ ಎಂದಳು. ತಿನ್ನುವವರ ಮುಖ ಮಾತ್ರ ಕಾಣಲಿಲ್ಲವಲ್ಲ ಎಂದಳು.

ಅಷ್ಟರಲ್ಲಿ ನರ್ಸ್ ಬಂದಳು. ಎತ್ತರದ ಹೆಂಗಸು, ನರೆಗೂದಲು. ನಾನು ವಿಷಯ ತಿಳಿಸಿ, ದಯವಿಟ್ಟು ನಾಲ್ಕು ಕಾಳು ತಿನ್ನಿ ಎಂದೆ. ಆಕೆ ಕುರ್ಚಿ ಎಳೆದು ಅತ್ತೆಯ ಎದುರಿಗೆ ಕೂತು, ಅವಸರವಿಲ್ಲದೆ ಒಂದೊಂದೇ ಕಾಳು ತಿಂದಳು. ಅತ್ತೆ ಕಣ್ಣು ಮಿಟುಕಿಸದೆ ಆ ಮುಖವನ್ನೇ ನೋಡಿದಳು. ನಕ್ಕಳು. ಅಂಥ ನಗು ನಾನು ಅವಳ ಮುಖದಲ್ಲಿ ಬಹಳ ದಿನಗಳಿಂದ ನೋಡಿರಲಿಲ್ಲ.

ಕೈ ಒರೆಸಿಕೊಂಡು ನರ್ಸ್ ತನ್ನ ಕೆಲಸ ಶುರುಮಾಡಿದಳು. ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು, ನೋವು ಎಷ್ಟು ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಮೆಲ್ಲಗೆ ಎರಡೂ ಕೈ ಹೊದಿಕೆಯಿಂದ ಹೊರಗೆ ತೆಗೆದು, ಹತ್ತೂ ಬೆರಳು ಬಿಡಿಸಿ ತೋರಿಸಿದಳು. ನಿನ್ನೆಗೆ ಹೋಲಿಸಿದರೆ ಎಂದು ನರ್ಸ್ ಮತ್ತೆ ಕೇಳಿದಳು. ವಿಮಾನದಲ್ಲಿ ಇದಕ್ಕಿಂತ ಹೆಚ್ಚಿತ್ತು ಎಂದಳು ಅತ್ತೆ.

ಮಾವ ಕಿಟಕಿಯ ಹತ್ತಿರ ನಿಂತಿದ್ದವರು ಹಾಸಿಗೆಯ ಬಳಿ ಬಂದರು. “ವಿಮಾನದಾಗ ಒಂದ ಬೆರಳ ಹಿಡದಿದ್ದೆಲ್ಲ ಗೌರಾ?” ಎಂದರು.

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. “ಮೊದಲನೇ ಬೆರಳಿಗೆ ಖರೇ ದರಾ ಯಾರ ಹೇಳತಾರ್ರಿ? ಮತ್ತೊಮ್ಮೆ ಕೇಳತೀರಿ ಅಂತ ದಾರಿ ನೋಡಾಕತ್ತಿದ್ನಿ” ಎಂದಳು.

ಮಾವ ನೆಲದ ಮೇಲೆ ಕೂತುಬಿಟ್ಟರು. ಪರದೇಶದ ಆಸ್ಪತ್ರೆಯ ನೆಲದ ಮೇಲೆ, ಮಕ್ಕಳ ಹಾಗೆ ಬಾಯಿ ಬಿಟ್ಟು ಅತ್ತರು. ನರ್ಸ್‌ಗೆ ಏನೂ ತಿಳಿಯಲಿಲ್ಲ, ನೀರು ತಂದುಕೊಟ್ಟಳು. ಅತ್ತೆ ಹಾಸಿಗೆಯಿಂದ ಕೈ ಇಳಿಬಿಟ್ಟು ಅವರ ತಲೆಯ ಮೇಲೆ ಇಟ್ಟಿದ್ದಳು.

ಬರುವಾಗ ಅತ್ತೆ ಮಲಗಿಯೇ ಬಂದಳು. ಮಾವ ದರವನ್ನೂ ಕೇಳದೆ ಆ ಸೀಟು ತೆಗೆದಿದ್ದರು. ಊರಿಗೆ ಬಂದು, ಹಣ್ಣಿನ ಕೊಯ್ಲು ಮುಗಿಯುವ ಮುಂಚೆ ಅವಳು ತೀರಿಕೊಂಡಳು. ಕಡೆಯ ದಿನ ಮಾವ ಹೊದಿಕೆಯ ಕೆಳಗೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದರು. ಅವಳ ಬೆರಳು ಏನನ್ನೂ ಹೇಳಲಿಲ್ಲ. ಹೆಂಗಸರು ಬಂದು ಬಿಡಿಸುವ ತನಕ ಮಾವ ಕೈ ಬಿಡಲಿಲ್ಲ.

ಈಗಲೂ ಮಾವ ಹಾಲೆಂಡಿಗೆ ಹೋಗುತ್ತಾರೆ. ಸವಾಲಿನ ಸಂದೇಶ ಬಂದರೆ ಓದದೆ ಅಳಿಸಿಬಿಡುತ್ತಾರೆ, ಹಿಂದಿನ ಸೀಟಿನಲ್ಲಿ ಕೂತು ಹೋಗಿ ಕೂತು ಬರುತ್ತಾರೆ. ಸಂತೆಯಲ್ಲಿ ಕೇಳಿದಷ್ಟು ಕೊಟ್ಟು ಬರುತ್ತಾರೆ. ಒಂದು ಅಭ್ಯಾಸ ಮಾತ್ರ ಹೊಸದು. ತೋಟದ ಆಳುಗಳಿರಲಿ, ಬಾಗಿಲಿಗೆ ಬಂದ ಬಂಧುಗಳಿರಲಿ, ಆರಾಮ ಇದ್ದೀರಾ ಎಂದು ಕೇಳಿ, ಹೌದು ಎಂಬ ಉತ್ತರ ಬಂದ ಮೇಲೆ ಅದನ್ನೇ ಇನ್ನೊಮ್ಮೆ ಕೇಳುತ್ತಾರೆ. ಮುದುಕನಿಗೆ ಮರೆವು ಬಂತು ಎಂದು ಜನ ನಗುತ್ತಾರೆ. ನಾನು ಗಂಡನ ಮನೆಯಿಂದ ಫೋನು ಮಾಡಿದಾಗಲೂ ಹಾಗೆಯೇ. ಆರಾಮ ಇದ್ದೀನ್ರಿ ಮಾವ ಎಂದು ಹೇಳಿ ನಾನು ಕಾಯುತ್ತೇನೆ. ಅವರು ಎರಡನೆಯ ಸಲ ಕೇಳಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.