ಸೊಪ್ಪಿನ ಕೋಣೆಯ ಎರಡು ಬಾಟ್ಲಿ

ಬಂದವರ ಮುಂದೆ ಗ್ಲಾಸು ಅಲ್ಲಾಡಿಸಿ, ಮೂಸಿ, ಒಂದು ಗುಟುಕು ಬಾಯಲ್ಲಿಟ್ಟು, ಈ ವೈನಿಗೆ ಯಾವ ಊಟ ಹೊಂದುತ್ತದೆ ಎಂದು ಹೇಳುವುದು ನನ್ನ ಕೆಲಸ. ಚನ್ನಪಟ್ಟಣದ ಹತ್ತಿರದ ಒಂದು ಸಣ್ಣ ವೈನ್ ಕಂಪನಿಯಲ್ಲಿ ಹನ್ನೆರಡು ವರ್ಷದಿಂದ ಇದನ್ನೇ ಮಾಡಿಕೊಂಡಿದ್ದೇನೆ. ನಮ್ಮೂರು ಅಕ್ಕೂರಿನಲ್ಲಿ ಅವ್ವ ಮಾತ್ರ ನೆಂಟರಿಗೆಲ್ಲ ಮಗ ಜ್ಯೂಸ್ ಫ್ಯಾಕ್ಟರಿಯಲ್ಲಿದ್ದಾನೆ ಎಂದೇ ಹೇಳುತ್ತಾ ಬಂದಿದ್ದಾಳೆ. ನೆಂಟರಿಗೂ ನಿಜ ಗೊತ್ತು. ಮದುವೆ ಮನೆಯಲ್ಲಿ ಸಿಕ್ಕಿದರೆ ಜ್ಯೂಸ್ ವ್ಯಾಪಾರ ಹೇಗಿದೆ ಎಂದು ಕಣ್ಣು ಮಿಟುಕಿಸುತ್ತಾರೆ.

ಅಪ್ಪ ನಮ್ಮ ಕಂಪನಿಗೇ ದ್ರಾಕ್ಷಿ ಕೊಡುತ್ತಿದ್ದ. ಒಂದೆಕರೆಯಲ್ಲಿ ವೈನಿಗೆಂದೇ ಬೆಳೆಯುವ ಕರಿ ದ್ರಾಕ್ಷಿ ಹಾಕಿದ್ದ. ಮಂಡಿನೋವು ಹೆಚ್ಚಾಗಿ ಬಳ್ಳಿ ನೋಡಿಕೊಳ್ಳುವುದು ಕಷ್ಟವಾದಾಗ ಎಲ್ಲವನ್ನೂ ಕೀಳಿಸಿ ಹಿಪ್ಪುನೇರಳೆ ನೆಡಿಸಿದ. ಅವನ ಕೊನೆಯ ಬೆಳೆಯಿಂದ ಮಾಡಿದ ಕೆಂಪು ವೈನಿನ ಎರಡು ಬಾಟ್ಲಿಗಳನ್ನು ನಾನು ಮನೆಗೆ ತಂದೆ. ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪು ಬಾಡಬಾರದೆಂದು ಒದ್ದೆ ಗೋಣಿ ಕಟ್ಟಿ ತಂಪಾಗಿಟ್ಟಿದ್ದ ಕೋಣೆಯೊಂದಿತ್ತು. ಅದರ ಮೂಲೆಯಲ್ಲಿ ಎರಡನ್ನೂ ಅಡ್ಡ ಮಲಗಿಸಿದೆ.

ಅಪ್ಪ ಅವತ್ತೇ ಒಂದನ್ನು ತೆಗೆಯೋಣ ಎಂದ. ಅಷ್ಟು ವರ್ಷ ದ್ರಾಕ್ಷಿ ಬೆಳೆದರೂ ಒಂದು ತೊಟ್ಟು ವೈನ್ ಕುಡಿದವನಲ್ಲ. ತನ್ನ ಹಣ್ಣು ಬಾಟ್ಲಿಯೊಳಗೆ ಹೋಗಿ ಏನಾಯಿತೆಂದು ಅವನಿಗೆ ನೋಡಬೇಕಿತ್ತು. ನಾನು ಎಲ್ಲ ಬಲ್ಲವನಂತೆ, ಇದು ಹತ್ತು ವರ್ಷ ಮಾಗಬೇಕು, ಈಗ ತೆಗೆದರೆ ಬರೀ ಒಗರು ಎಂದು ತಡೆದೆ. ಆಮೇಲೆ ಪ್ರತಿ ವರ್ಷ ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬಾಡೂಟಕ್ಕೆ ಕೂತಾಗ, ಅಪ್ಪ ಕೇಳುತ್ತಿದ್ದ.

"ಈಗ ಆಗಿರಾಕಿಲ್ವೇನ್ಲಾ?"

"ಇನ್ನೊಸಿ ತಡಿಯಪ್ಪ. ಮುಂದಿನ ವರ್ಷ ನೋಡವ."

ಅವನು ತಲೆಯಾಡಿಸಿ ಮುದ್ದೆ ಮುರಿಯುತ್ತಿದ್ದ. ಒಂಬತ್ತನೇ ವರ್ಷವೂ ಕೇಳಿದ, ನಾನೂ ಅದನ್ನೇ ಹೇಳಿದೆ. ಆ ವರ್ಷ ದೀಪಾವಳಿ ಕಳೆದ ಮೇಲೆ ಅಪ್ಪ ತೀರಿಕೊಂಡ.

ಮರುವರ್ಷ ಪಿತೃಪಕ್ಷದಲ್ಲಿ ಅವನಿಗೆ ಮೊದಲ ಎಡೆ. ನಮ್ಮಲ್ಲಿ ತೀರಿಹೋದವರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆಗೆ ಇಡುತ್ತೇವೆ, ಬೀಡಿ ಸೇದುತ್ತಿದ್ದವರಿಗೆ ಬೀಡಿಕಟ್ಟನ್ನೂ ಇಡುತ್ತೇವೆ. ಆದರೆ ಅಪ್ಪ ರುಚಿಯನ್ನೇ ನೋಡದ ವೈನನ್ನು ಇಡಬಹುದೇ ಎಂದು ಅವ್ವನನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಅವಳೇ ಒಲೆಯ ಮುಂದಿನಿಂದ ಹೇಳಿದಳು. "ಆ ಬಾಟ್ಲಿ ಒಂದ್ ತಕ್ಕಬಾ. ವರ್ಷಾ ವರ್ಷಾ ಕೇಳ್ತಿದ್ರಲ್ಲ ನಿಮ್ಮಪ್ಪ."

ಅವ್ವ ಕುರಿ ಮಾಂಸವನ್ನು ಎರಡು ಥರ ಮಾಡಿದ್ದಳು. ಒಂದು ನಮ್ಮಿಬ್ಬರ ಖಾರದ ಸಾರು. ಇನ್ನೊಂದು ಅಪ್ಪನದು. ಹೊಟ್ಟೆಹುಣ್ಣಿನಿಂದ ಅವನಿಗೆ ಕೊನೆಕೊನೆಗೆ ಖಾರ ಆಗುತ್ತಿರಲಿಲ್ಲ. ಅದಕ್ಕೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಮಾತ್ರ ಹಾಕಿ ಮೆತ್ತಗೆ ಬೇಯಿಸಿ, ಮೇಲೆ ಒಂದು ಚಮಚ ತುಪ್ಪ ಬಿಡುತ್ತಿದ್ದಳು. ಈಗ ಅವನ ಹೊಟ್ಟೆಗೆ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಹಾಗೇ ಮಾಡಿದ್ದಳು.

ಬಿರಡೆ ತೆಗೆದೆ. ತಳದ ಚರಟ ಬೀಳದಂತೆ ಟೀ ಸೋಸುವ ಜಾಲರಿ ಹಿಡಿದು ಅಪ್ಪನ ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಅಭ್ಯಾಸಬಲ, ಲೋಟ ತಾನಾಗಿಯೇ ಮೂಗಿನ ಹತ್ತಿರ ಬಂತು. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಮೂಸ್ಬ್ಯಾಡ ಕಣ್ಲಾ. ಮೊದ್ಲು ಅವ್ರು."

ಎಡೆಯ ಅಡುಗೆ ಮಾಡುವವರು ಉಪ್ಪು ಕೂಡ ನೋಡುವುದಿಲ್ಲ, ನೋಡಿದರೆ ಎಂಜಲು. ಇದು ಹತ್ತು ವರ್ಷದ್ದು, ಹುಳಿ ಹಿಡಿದಿದ್ದರೂ ಹಿಡಿದಿರಬಹುದು, ಮೂಸದೆ ನಾನು ಯಾರಿಗೂ ಕೊಟ್ಟವನಲ್ಲ ಎಂದೆಲ್ಲ ಹೇಳಿದೆ. ಸಾರಿಗೆ ಉಪ್ಪು ಸಾಕಾಗಿದೆಯೋ ಇಲ್ಲವೋ ತನಗೇನು ಗೊತ್ತೇ ಎಂದು ಅವ್ವ ಕೇಳಿದಳು. ನಾನು ಲೋಟವನ್ನು ಅಪ್ಪನ ಫೋಟೋದ ಮುಂದೆ ಇಟ್ಟೆ.

ಧೂಪ ಹಾಕಿ, ಕೈಮುಗಿದು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಜಗುಲಿಯಲ್ಲಿ ಕೂತೆವು. ನನಗೆ ನಿಜವಾಗಿ ಭಯವಾಗಿತ್ತು. ಅದು ಕೆಟ್ಟಿದ್ದರೆ, ಅಪ್ಪನನ್ನು ಅಷ್ಟು ವರ್ಷ ಕಾಯಿಸಿ ಕೊನೆಗೆ ಹುಳಿನೀರು ಕೊಟ್ಟಂತಾಗುತ್ತಿತ್ತು. ಅವ್ವ ಎಲೆ ಅಡಿಕೆ ಕೂಡ ಹಾಕಿಕೊಳ್ಳದೆ ಬಾಗಿಲನ್ನೇ ನೋಡುತ್ತಿದ್ದಳು.

ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ ಎಡೆ ತೆಗೆದು ಊಟಕ್ಕೆ ಕೂತೆವು. ಲೋಟದಿಂದ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿದೆ. ಅಂಚು ಹಳೇ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಹುಳಿ ಹಿಡಿದಿರಲಿಲ್ಲ. ಒಣ ಅಂಜೂರದ ವಾಸನೆ, ಹುಣಸೆಹಣ್ಣಿನ ವಾಸನೆ. ಆದರೆ ಬಾಯಿಗೆ ಹಾಕಿದರೆ ನಡುವೆ ಟೊಳ್ಳು, ನುಂಗಿದ ಮೇಲೆ ಏನೂ ಉಳಿಯಲಿಲ್ಲ. ದಣಿದು ಹೋಗಿತ್ತು.

ನಾನು ಹೇಳಿದ ಹತ್ತು ವರ್ಷ ಕಂಪನಿಯ ಏಸಿ ನೆಲಮಾಳಿಗೆಯ ಲೆಕ್ಕ. ಸೊಪ್ಪಿನ ಕೋಣೆಯ ತಂಪು ಸೊಪ್ಪಿಗೆ ಸಾಕು, ವೈನಿಗೆ ಸಾಲದು. ಅಲ್ಲಿ ಅದು ಬೇಗ ಬೇಗ ಮಾಗಿ, ಮೂರು ನಾಲ್ಕು ವರ್ಷದ ಹಿಂದೆಯೇ ಹದಕ್ಕೆ ಬಂದು, ಆಮೇಲೆ ಇಳಿಯುತ್ತಾ ಬಂದಿತ್ತು. ಅಪ್ಪ ಸರಿಯಾದ ಹೊತ್ತಿಗೇ ಕೇಳಿದ್ದ. ನಾಲಿಗೆಯಿಂದಲೇ ಸಂಬಳ ತಿನ್ನುವ ನಾನು ಬೇಡ ಎಂದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಖಾರದ ಸಾರಿನ ಜೊತೆ ಕುಡಿದರೆ ಬರೀ ಕಹಿ. ಅಷ್ಟರಲ್ಲಿ ಅವ್ವ, ಎಡೆಗಿಟ್ಟಿದ್ದು ತನಗೂ ಬೇಕೆಂದು ಅಪ್ಪನ ಲೋಟವನ್ನೇ ಎತ್ತಿಕೊಂಡಳು. ಜೀವಮಾನದಲ್ಲಿ ಮುಟ್ಟದವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಅಪ್ಪನ ಆ ಸಪ್ಪೆ ಮಾಂಸದ ಒಂದು ತುಂಡು ಬಾಯಿಗಿಟ್ಟುಕೊಂಡು ಮತ್ತೊಂದು ಗುಟುಕು ಕುಡಿದಳು. ಇದರ ಜೊತೆ ಪರವಾಗಿಲ್ಲ ಎಂದಳು. ನಾನೂ ಹಾಗೇ ಮಾಡಿ ನೋಡಿದೆ. ತುಪ್ಪಕ್ಕೂ ಮೆತ್ತಗಿನ ಮಾಂಸಕ್ಕೂ ಆ ಮುದಿ ವೈನು ಕೊಂಚ ಚೇತರಿಸಿಕೊಂಡಿತ್ತು. ಅದಕ್ಕೆ ಹೊಂದುವ ಊಟ ಅದೊಂದೇ ಇತ್ತು, ಅದು ಅಪ್ಪನ ತಟ್ಟೆಯಲ್ಲಿತ್ತು.

ಅವ್ವನಿಗೆ ಸುಳ್ಳು ಹೇಳಲಾಗಲಿಲ್ಲ. "ತಡ ಮಾಡ್ಬುಟ್ಟೆ ಕಣವ್ವ. ಅಪ್ಪ ಕೇಳ್ದಾಗ್ಲೇ ಇದು ಚೆನ್ನಾಗಿತ್ತು."

ಅವಳು ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ಕೇಳಿದಳು. "ಇನ್ನೊಂದು ಐತಲ್ಲ, ಅದನ್ನ ಯಾವಾಗ ತೆಗೀತೀಯ?"

ಮುಂದಿನ ವರ್ಷ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಕೈ ನೋಡಿದೆ. ಲೋಟ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಅದು ಯಾವಾಗಿನಿಂದ ನಡುಗುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಎದ್ದು ಸೊಪ್ಪಿನ ಕೋಣೆಗೆ ಹೋಗಿ ಎರಡನೇ ಬಾಟ್ಲಿ ತಂದೆ. ಬಿರಡೆ ತೆಗೆದು, ಮೂಸದೆ, ಮೊದಲು ಅವ್ವನಿಗೆ ಬಗ್ಗಿಸಿದೆ.