ಬೆಳ್ಳಿ ಬಣ್ಣದ ಕೆಳಗಿನ ಅಕ್ಷರ

ಬೆಳ್ಳಿ ಬಣ್ಣ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗೇಟಿಗೋ ಕಿಟಕಿಯ ಸರಳಿಗೋ ಹೊಡೆದದ್ದಾದರೆ ಹೇಗೋ ಸಹಿಸಿಕೊಳ್ಳುತ್ತೇನೆ. ಪೈಪಿನ ಮೇಲಿನ ವಾಲ್ವಿಗೆ ಹೊಡೆದಿದ್ದರೆ ಜೇಬಿನಿಂದ ಬ್ಲೇಡು ತೆಗೆದು ಅಲ್ಲೇ ಕೆರೆಯಲು ಶುರುಮಾಡುತ್ತೇನೆ. ಜೊತೆಗಿದ್ದವರು ನಗುತ್ತಾರೆ. ನಗಲಿ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಇಂಜಿನಿಯರಿಂಗ್ ಮುಗಿಸಿ ಬಂದು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಶೇಂಗಾ ಸಿಪ್ಪೆ ಉರಿಸಿ ನಡೆಸುವ ಬಾಯ್ಲರು. ಅದರ ಸ್ಟೀಮು ಉದ್ದನೆಯ ಪೈಪಿನಲ್ಲಿ ಹೋಗಿ, ಗಾಣಕ್ಕೆ ಬೀಳುವ ಮುಂಚೆ ಶೇಂಗಾ ಬೇಯಿಸುವ ದೊಡ್ಡ ಹಂಡೆಗೆ ಸೇರಬೇಕು. ಹಂಡೆಯ ಹತ್ತಿರ ಸ್ಟೀಮನ್ನು ಬಿಡಲು, ನಿಲ್ಲಿಸಲು ಒಂದು ವಾಲ್ವು.

ಅದನ್ನು ತಿರುಗಿಸುತ್ತಿದ್ದವರು ಮೊಳಕಾಲ್ಮೂರಿನ ಕಡೆಯವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾನು ಅಣ್ಣ ಅನ್ನುತ್ತಿದ್ದೆ. ಹರೆಯದಲ್ಲಿ ರೇಷ್ಮೆ ಮಗ್ಗದಲ್ಲಿ ಕೂತವರು, ಮಗ್ಗ ಬಿಟ್ಟು ಬಾಯ್ಲರಿಗೆ ಬಂದಿದ್ದರು. ಬೆಳಿಗ್ಗೆ ಮೊದಲು ಪೈಪಿನ ತಳದ ಪುಟ್ಟ ನಲ್ಲಿಯನ್ನು ತೆರೆದು, ಒಳಗೆ ತಣ್ಣಗಾಗಿ ನಿಂತ ನೀರನ್ನೆಲ್ಲ ಹೊರಗೆ ಬಿಡುತ್ತಿದ್ದರು. ಆಮೇಲೆ ವಾಲ್ವಿನ ಚಕ್ರವನ್ನು ಕಾಲು ಸುತ್ತು. ಪೈಪಿನ ಮೇಲೆ ಗೋಣಿಚೀಲ ಹಾಕಿ, ಅದರ ಮೇಲೆ ಕೈಯಿಟ್ಟು ಕಾಯುವುದು. ಒಂದು ಬೀಡಿ ಸೇದುವಷ್ಟು ಹೊತ್ತು. ಮತ್ತೆ ಕಾಲು ಸುತ್ತು. "ಮೆಲ್ಲಗಾ, ಮೆಲ್ಲಗಾ" ಎಂದು ತಮ್ಮ ಮನೆಯ ತೆಲುಗಿನಲ್ಲಿ ಚಕ್ರದ ಜೊತೆ ಮಾತಾಡುತ್ತಿದ್ದರು.

"ನೀರು ಬಿಡದೆ ಒಮ್ಮೆಗೇ ತೆಗುದ್ರೆ ಆ ನೀರು ಗುಂಡಿನಂಗೆ ಓಡೋಗಿ ಹೊಡಿತೈತೆ ಕಣಪ್ಪಾ" ಎಂದು ಮೊದಲ ವಾರವೇ ನನಗೆ ಹೇಳಿದ್ದರು. ನಾನು ಅದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಅವರು ಅಂಗೈಯಿಂದ ಕಲಿತಿದ್ದರು.

ನವರಾತ್ರಿಗೆ ಮುಂಚೆ ಆ ವಾಲ್ವು ಸೋರತೊಡಗಿತು. ಸೋರದಂತೆ ಒಳಗೆ ಸುತ್ತಿ ತುರುಕುವ ಹಗ್ಗವನ್ನು ಎರಡು ಸಲ ಬದಲಿಸಿದೆವು, ನಿಲ್ಲಲಿಲ್ಲ. ಸ್ಟೀಮಿಗೆಂದೇ ಮಾಡಿದ ಉಕ್ಕಿನ ವಾಲ್ವು ತರಿಸಬೇಕೆಂದು ಬರೆದುಕೊಟ್ಟೆ. ಮಿಲ್ಲಿನ ಸಾವ್ಕಾರರು ಗುಜರಿಯಿಂದ ಒಂದನ್ನು ಹೊರಿಸಿಕೊಂಡು ಬಂದರು. ಹಳೇ ನೀರಿನ ಲೈನಿನಿಂದ ಬಿಚ್ಚಿದ್ದು, ಬೀಡುಕಬ್ಬಿಣದ್ದು. ಮೈಮೇಲೆ ಇಂಗ್ಲಿಷಿನ ಉಬ್ಬಕ್ಷರಗಳಿದ್ದವು: ಅಳತೆ, ತಡೆಯುವ ಒತ್ತಡ, ನೀರಿಗೆ ಎಂಬ ಗುರುತು. ತುಕ್ಕು ಒರೆಸಿ ಓದಿದೆ.

"ಇದು ತಣ್ಣೀರಿನ ಲೈನಿಂದು, ಸಾವ್ಕಾರ್ರೇ. ಸ್ಟೀಮಿಗೆ ಹಾಕಬಾರ್ದು. ಬೀಡು, ಏಟು ಬಿದ್ರೆ ಒಡೀತೈತೆ."

"ವಾಲು ಅಂದ್ರೆ ವಾಲು ಕಣ್ರೀ. ನೀವು ಓದಿದ್ದು ಜಾಸ್ತಿ ಆಯ್ತು. ಹಬ್ಬ ಮುಗೀಲಿ, ಹೊಸಾದು ತರ್ಸಾಣ."

ಆಗಲಿ ಎಂದೆ. ಒಂದು ಸಲ ಹೇಳಿದ್ದೇನಲ್ಲ ಎಂಬ ಸಮಾಧಾನ! ಆ ಸಮಾಧಾನ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಎಂಟು ಬೋಲ್ಟುಗಳನ್ನು ಎದುರಿಗೆ ನಿಂತು ಬಿಗಿ ಮಾಡಿಸಿದೆ. ಅಣ್ಣ ಅಂದು ಊರಿಗೆ ಹೋಗಿದ್ದರು. ಬಂದಮೇಲೆ ಹೇಳಲಿಲ್ಲ. ಹೇಳಿದರೆ ಮುಟ್ಟುವುದಿಲ್ಲ ಅನ್ನುತ್ತಾರೆ, ಹಬ್ಬದ ಹೊತ್ತಿನಲ್ಲಿ ಜಗಳ ಯಾಕೆ ಎಂದುಕೊಂಡೆ.

ಆಯುಧಪೂಜೆಗೆ ಮಿಲ್ಲಿನ ಕಬ್ಬಿಣಕ್ಕೆಲ್ಲ ಬೆಳ್ಳಿ ಬಣ್ಣ ಹೊಡೆಯುವುದು ಅಲ್ಲಿನ ಪದ್ಧತಿ. ಪೈಪು, ಬೋಲ್ಟು, ಪುಟ್ಟ ನಲ್ಲಿ, ವಾಲ್ವು, ಒಂದನ್ನೂ ಬಿಡಲಿಲ್ಲ. ಅಕ್ಷರಗಳು ಮುಚ್ಚಿಹೋದವು. ಹೊಸ ವಾಲ್ವಿನಂತೆ ಹೊಳೆಯುತ್ತಿತ್ತು. ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ.

ಮಾರನೆಯ ದಿನ ಬೆಳಿಗ್ಗೆ ಮಿಲ್ಲು ಮತ್ತೆ ಶುರು. ಅದಕ್ಕೊಂದು ಮುಹೂರ್ತ. ಆ ಗಳಿಗೆ ಮೀರುವುದರೊಳಗೆ ಸ್ಟೀಮು ಬಿಟ್ಟು ಗಾಣ ತಿರುಗಿಸಬೇಕು, ಇಲ್ಲದಿದ್ದರೆ ವರ್ಷವಿಡೀ ಕೆಡುತ್ತದೆ ಎಂಬ ನಂಬಿಕೆ. ಪೂಜೆಯೇ ತಡವಾಯಿತು. ತೆಂಗಿನಕಾಯಿ ಒಡೆದು ಮುಗಿಸುವಷ್ಟರಲ್ಲಿ ಕೆಲವೇ ನಿಮಿಷ ಉಳಿದಿತ್ತು. ಅಣ್ಣ ಬಗ್ಗಿ ಪುಟ್ಟ ನಲ್ಲಿಗೆ ಕೈ ಹಾಕಿದರು. ಅಲುಗಲಿಲ್ಲ.

"ಬಣ್ಣ ಕಚ್ಕಂಡೈತೆ. ತಿರುಗ್ಸಕ್ಕೆ ಪಾನಾ ಕೊಡ್ರಿ."

"ಲೇ, ಟೈಮ್ ಹೋಗ್ತೈತಲೇ!" ಸಾವ್ಕಾರರ ಭಾವಮೈದುನ ಕೈಗಡಿಯಾರ ಎತ್ತಿ ತೋರಿಸಿದ.

"ನೀರು ಬಿಡ್ಬೇಕು ಸಾಮಿ. ಒಂದೀಟು ತಡೀರಿ."

"ಸೀರೆ ನೇಯೋನನ್ನ ತಂದು ಬಾಯ್ಲರಿಗೆ ಬಿಟ್ರೆ ಇಂಗೇ. ಎಳೆ ಎಳೆ ಎಣಿಸ್ತಾ ಕುಂತವ್ನೆ!"

ಎಲ್ಲರೂ ನಕ್ಕರು. ಅಣ್ಣ ನನ್ನ ಮುಖ ನೋಡಿದರು. ನಾನು ಸಾವ್ಕಾರರ ಮುಖ ನೋಡಿದೆ. ಸಾವ್ಕಾರರು, "ತಿರುಗ್ಸಪ್ಪಾ, ದೇವ್ರವ್ನೆ" ಎಂದರು.

ಕಾಲು ಸುತ್ತು. "ಇನ್ನೂ ತಿರುಗ್ಸೋ ಲೇ!" ಭಾವಮೈದುನ ಕೂಗಿದ. ಮತ್ತೆ ಅರ್ಧ ಸುತ್ತು. ಪೈಪಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಮೂರು ಸಲ ಸದ್ದಾಯಿತು. ಮೂರನೆಯದಕ್ಕೆ ವಾಲ್ವು ಒಡೆಯಿತು. ಆಮೇಲೆ ಎಲ್ಲ ಬಿಳಿ. ನಾನು ಬಾಯ್ಲರಿನ ಏಣಿ ಹತ್ತಿ ಮೇಲಿನ ವಾಲ್ವು ಮುಚ್ಚಿದೆ. ಎಷ್ಟು ಸುತ್ತು ತಿರುಗಿಸಿದೆನೋ ಗೊತ್ತಿಲ್ಲ, ಕನಸಿನಲ್ಲಿ ಅದು ಇನ್ನೂ ಮುಚ್ಚಿಕೊಳ್ಳುವುದಿಲ್ಲ. ಬಿಳಿ ತಿಳಿಯಾದಾಗ ಅಣ್ಣ ನೆಲದಲ್ಲಿ ಕೂತಿದ್ದರು, ಎರಡೂ ಕೈ ಮುಂದಕ್ಕೆ ಚಾಚಿ. ಮುಂಗೈಯ ಚರ್ಮಕ್ಕೆ ಚೆಂಡುಹೂವಿನ ಎಸಳು ಬೆಂದು ಅಂಟಿತ್ತು.

ಜೀವ ಉಳಿಯಿತು. ಬೆರಳುಗಳು ಮಡಚಿಕೊಂಡವು.

ಅವರು ಆಸ್ಪತ್ರೆಯಿಂದ ಊರಿಗೆ ಹೋದ ವಾರ ಸಾವ್ಕಾರರು ನನ್ನ ಮುಂದೆ ಒಂದು ಹಾಳೆ ಇಟ್ಟರು. ತನಿಖೆಗೆ ಬರುವ ಅಧಿಕಾರಿಗೆ ಕೊಡಲು. ಬಾಯ್ಲರ್ ನೋಡಿಕೊಳ್ಳುವವನು ಪೈಪಿನ ನೀರು ಬಿಡದೆ ಆತುರದಿಂದ ವಾಲ್ವು ತೆರೆದದ್ದರಿಂದ ಅಪಘಾತವಾಯಿತು, ಎಂದಿತ್ತು.

"ಸೈನ್ ಹಾಕ್ರಿ. ಇಂಜಿನಿಯರ್ ಮಾತಿಗೆ ತೂಕ ಇರ್ತೈತೆ. ಇದ್ರಾಗೆ ಸುಳ್ಳೇನೈತೆ ಹೇಳ್ರಿ?"

ಸುಳ್ಳಿರಲಿಲ್ಲ. ನನ್ನನ್ನು ಉರಿಸಿದ್ದು ಅದೇ. ಸಹಿ ಹಾಕಿದರೆ ಕೈ ಹೋದವರದೇ ತಪ್ಪಾಗುತ್ತಿತ್ತು. ಪರಿಹಾರವೂ ಇಲ್ಲ, ಮರ್ಯಾದೆಯೂ ಇಲ್ಲ. ಹಾಳೆ ಜೇಬಿನಲ್ಲಿಟ್ಟುಕೊಂಡು, ಕಸದ ರಾಶಿಯಿಂದ ವಾಲ್ವಿನ ಒಂದು ಚೂರು ಆರಿಸಿ ಚೀಲಕ್ಕೆ ಹಾಕಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಅಣ್ಣ ನಡುಮನೆಯಲ್ಲಿ ಗೋಡೆಗೆ ಒರಗಿದ್ದರು. ಅತ್ತಿಗೆ ಅವರಿಗೆ ಟೀ ಕುಡಿಸುತ್ತಿದ್ದರು. "ನಾನು ಜೋರಾಗಿ ತಿರುಗ್ಸಿದ್ನೇನಪ್ಪಾ?" ಎಂಬುದೇ ಅವರ ಮೊದಲ ಮಾತು.

ನಾನು ಚೂರು ತೆಗೆದು ಬ್ಲೇಡಿನಿಂದ ಬಣ್ಣ ಕೆರೆದೆ. ಅಕ್ಷರಗಳು ಎದ್ದವು. ಅವರು ಮಡಚಿದ ಬೆರಳಿನ ಗೆಣ್ಣಿನಿಂದ ಸವರಿದರು.

"ಏನು ಬರ್ದೈತೆ, ಓದು."

ಓದಿ ಅರ್ಥ ಹೇಳಿದೆ.

"ಹಬ್ಬಕ್ಕೆ ಮುಂಚೆನೇ ಓದಿದ್ಯಾ?"

"ಓದಿದ್ದೆ, ಅಣ್ಣ."

ಅತ್ತಿಗೆ ಲೋಟ ಕೆಳಗಿಟ್ಟರು. ಅಣ್ಣನ ದನಿ ಏರಿತು. "ನಂಗೆ ಓದಕ್ಕೆ ಬರಲ್ಲ ಅಂತ ಗೊತ್ತಿತ್ತಲ್ಲೋ ನಿಂಗೆ! ಒಂದು ಮಾತು ಹೇಳಿದ್ರೆ ಆ ಚಕ್ರ ಮುಟ್ತಿದ್ನೇನೋ ನಾನು? ಓದಿ ಸುಮ್ನಿದ್ಯಾ?"

ನಾನು ಜೇಬಿನ ಹಾಳೆಯನ್ನೂ ತೆಗೆದು ಓದಿದೆ. ಕೊನೆಯವರೆಗೂ ಕೇಳಿದರು.

"ನೀರು ಬಿಡ್ಲಿಲ್ಲ, ದಿಟ. ಮಿಕ್ಕಿದ್ದನ್ನ ಯಾರು ಬರೀತಾರೆ?"

ಅದೇ ಹಾಳೆಯ ಬೆನ್ನಿಗೆ ಬರೆಯತೊಡಗಿದೆ. ಗುಜರಿಯ ವಾಲ್ವಿನಿಂದ ಶುರುಮಾಡಿದೆ. "ಅದಲ್ಲ," ಎಂದು ತಡೆದರು. "ನೀನು ಓದಿದ್ದನ್ನ ಮೊದ್ಲು ಹಾಕು." ಬರೆದದ್ದನ್ನು ಹೊಡೆದುಹಾಕಿ ಅದನ್ನು ಮೊದಲು ಬರೆದೆ. ಒಂದೊಂದು ಸಾಲನ್ನೂ ಜೋರಾಗಿ ಓದಿಸಿ ಕೇಳಿದರು. ಪಾನಾ ಕೇಳಿದ್ದು ಹಾಕು ಎಂದರು. ನಕ್ಕಿದ್ದನ್ನೂ ಹಾಕು ಎಂದರು.

ಹಾಳೆಯನ್ನೂ ಚೂರನ್ನೂ ಅಧಿಕಾರಿಯ ಕೈಗೇ ಕೊಟ್ಟೆ. ಅಣ್ಣನ ಮೇಲಿನ ತಪ್ಪು ಬಿಟ್ಟುಹೋಯಿತು, ಪರಿಹಾರ ಬಂತು. ಬೆರಳು ಬಿಚ್ಚಿಕೊಳ್ಳಲಿಲ್ಲ. ನನ್ನ ಕೆಲಸ ಮಾರನೆಯ ದಿನವೇ ಹೋಯಿತು. ಮುಂದಿನ ವರ್ಷದ ಹಬ್ಬಕ್ಕೂ ಆ ಮಿಲ್ಲಿನವರು ಪುಟ್ಟ ನಲ್ಲಿಯನ್ನೂ ಬಿಡದೆ ಬೆಳ್ಳಿ ಬಣ್ಣ ಹೊಡೆದರಂತೆ.